ಐವರು ಸೀಸದವರು, ಒಬ್ಬ ಮಣ್ಣಿನವನು

ಎಂಟನೇ ತರಗತಿಯ ಕರಿಹಲಗೆಯ ಮೇಲೆ ಹೂಜಿಯೊಂದರ ಅರ್ಧ ಬರೆದಿದ್ದೆ. ಎಡಗಡೆಯ ಅಂಚು ಮುಗಿದಿತ್ತು. ಬಲಗಡೆಯದನ್ನು ಎಳೆಯಲು ತೋಳೆತ್ತಿದೆ. ತೋಳು ಮೇಲೆ ಹೋಯಿತು, ಹಸ್ತ ಮಾತ್ರ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿತ್ತು. ಸೀಮೆಸುಣ್ಣ ಜಾರಿ ಬಿದ್ದು ಎರಡು ತುಂಡಾಯಿತು. ಇನ್ನೊಮ್ಮೆ ಎತ್ತಿದೆ, ಮತ್ತೆ ಅದೇ. ಮೇಷ್ಟ್ರು ಏನೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನಕ್ಕೆ. ಉಳಿದರ್ಧ ನೀವೇ ಮುಗಿಸಿ ಎಂದು ಹೇಳಿ ಕುರ್ಚಿಯಲ್ಲಿ ಕೂತು ಬಲಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡೆ.

ಬಚ್ಚಿಡುವುದು ಅಷ್ಟರಲ್ಲಾಗಲೇ ನನಗೆ ರೂಢಿಯಾಗಿಹೋಗಿತ್ತು. ಈ ಕಾಯಿಲೆಯ ಕಥೆ ಹೇಳಬೇಕೆಂದರೆ ಅಲ್ಲಿಂದಲೇ ಶುರುಮಾಡಬೇಕು.

ನಾನು ಚಳ್ಳಕೆರೆಯ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಮಗ್ಗ ನನಗೆ ಒಗ್ಗಲಿಲ್ಲ, ಬಣ್ಣ ಒಗ್ಗಿತು. ನಲವತ್ತು ದಾಟುವ ಹೊತ್ತಿಗೆ ಒಂದು ಹುಚ್ಚು ಹಿಡಿಯಿತು. ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕ ಹೊರದೇಶದ ಪತ್ರಿಕೆಯೊಂದರಲ್ಲಿ ಹೆಬ್ಬೆರಳುದ್ದದ ಸಿಪಾಯಿಗಳ ಚಿತ್ರಗಳಿದ್ದವು. ಯುದ್ಧಕಾಲದ ತೋಪುಗಳು, ಅವುಗಳ ಸುತ್ತ ಗುಂಡು ತುಂಬುವವರು, ಗುರಿ ಹಿಡಿಯುವವರು, ಒಬ್ಬೊಬ್ಬರ ಅಂಗಿಯ ಗುಂಡಿಗೂ ಬಣ್ಣ. ಅಂಥವನ್ನು ನಾನೂ ಮಾಡಬೇಕೆನ್ನಿಸಿತು. ಆ ವರ್ಷಗಳಲ್ಲಿ ನಮ್ಮೂರಿನ ಹಳೆಯ ಮುದ್ರಣಾಲಯವೊಂದು ಮುಚ್ಚಿತು. ಮದುವೆ ಕಾರ್ಡಿಗೆ ಬಳಸುತ್ತಿದ್ದ ಸೀಸದ ಅಕ್ಷರದ ಮೊಳೆಗಳನ್ನು ತೂಕಕ್ಕೆ ಹಾಕುತ್ತಿದ್ದರು. ಎರಡು ಚೀಲ ತಂದೆ. ಹಿತ್ತಲಿನ ಒಲೆಯಲ್ಲಿ ಅಕ್ಷರಗಳನ್ನು ಕರಗಿಸಿ, ಪ್ಲಾಸ್ಟರಿನ ಅಚ್ಚಿಗೆ ಹೊಯ್ದು, ಅರದಲ್ಲಿ ಉಜ್ಜಿ, ಬಣ್ಣ ಹಚ್ಚತೊಡಗಿದೆ.

ಹೆಂಡತಿ ಲಕ್ಷ್ಮೀದೇವಿ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು: "ಅದ್ರ ಹೊಗೆ ನನ್ನ ಅಡುಗೆಮನೆಗೆ ಬರಂಗಿಲ್ಲ ನೋಡ್ರಿ." ಹೀಗಾಗಿ ಹಿತ್ತಲಿನ ಸೌದೆಕೋಣೆ ನನ್ನ ಕಾರ್ಖಾನೆಯಾಯಿತು. ಕದ ಹಾಕಿಕೊಂಡೇ ಕೂರುತ್ತಿದ್ದೆ. ಒಮ್ಮೆ ಶಾಲೆಗೆ ಒಬ್ಬ ಸಿಪಾಯಿಯನ್ನು ತೆಗೆದುಕೊಂಡು ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ಒಂದು ವಾರ ನನ್ನನ್ನು "ಏನ್ ಸಾರ್, ಜನರಲ್ ಸಾಹೇಬ್ರೇ" ಎಂದೇ ಕರೆದರು. ಮೊಳಕಾಲ್ಮೂರಿನಲ್ಲಿ ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಏಮಿರಾ ನಾಯನಾ, ಈ ವಯಸ್ಸಿಗೆ ಬೊಮ್ಮಲಾ?" ಎಂದು ಮನೆಮಾತಾದ ತೆಲುಗಿನಲ್ಲೇ ಕೇಳಿದಳು. ಬೊಂಬೆಯಾಟದ ಸುದ್ದಿ ಅಲ್ಲಿಗೆ ನಿಲ್ಲಿಸಿದೆ.

ಆ ಕದ ತಟ್ಟಿ ಒಳಗೆ ಬರುತ್ತಿದ್ದವರು ಒಬ್ಬರೇ, ನಮ್ಮ ಬೀದಿಯ ಹವಾಲ್ದಾರ್ ತಿಮ್ಮಪ್ಪನವರು. ಸಿದ್ದಾಪುರದ ಕಡೆಯವರು. ಎಪ್ಪತ್ತೊಂದರ ಯುದ್ಧದಲ್ಲಿ ತೋಪಿನ ದಳದಲ್ಲಿದ್ದು, ನಿವೃತ್ತರಾಗಿ ಬಂದು ಎಣ್ಣೆ ಮಿಲ್ಲೊಂದರ ಗೇಟು ಕಾಯುತ್ತಿದ್ದರು. ತೋಪಿನ ಸದ್ದಿಗೆ ಅವರ ಎರಡು ಕಿವಿಯೂ ಹೋಗಿದ್ದವು. ಅವರು ಗಟ್ಟಿಯಾಗಿ ಮಾತಾಡುವರು, ನಾನು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸುವೆ. ಹಾಗೇ ನಡೆಯುತ್ತಿತ್ತು ನಮ್ಮ ಹರಟೆ.

ಅವರು ನನ್ನಿಂದ ಕೇಳಿದ್ದು ಒಂದೇ, ಅವರ ತೋಪು. ಇಪ್ಪತ್ತೈದು ಪೌಂಡಿನದು, ಆರು ಜನ ನಡೆಸುವಂಥದ್ದು. ಹಳೇ ಪೆನ್ನಿನ ಹಿತ್ತಾಳೆ ರೀಫಿಲ್ಲು ನಳಿಗೆಯಾಯಿತು, ಅವ್ವನ ಮನೆಯಿಂದ ತಂದ ಜರಿ ರೀಲಿನ ಎರಡು ತುದಿಗಳು ಗಾಲಿಯಾದವು. ಜನರನ್ನು ಅವರು ಹೆಸರಿನಿಂದಲ್ಲ, ನಂಬರಿನಿಂದ ಹೇಳುತ್ತಿದ್ದರು. ಒಂದನೇ ನಂಬರ್ ಹುಕುಂ ಕೊಡುವವನು. ನಾಲ್ಕನೇ ನಂಬರ್ ಗುಂಡು ತುಂಬುವವನು, ಅದು ತಿಮ್ಮಪ್ಪನವರೇ. ಮೂರನೇ ನಂಬರ್ ತೋಪಿನ ಎಡಕ್ಕೆ ಪುಟ್ಟ ಸೀಟಿನಲ್ಲಿ ಕೂತು ಗುರಿ ಹಿಡಿಯುವವನು.

"ಮೂರನೆಯವ್ನು ಸತ್ತು ಬಿದ್ದ ಮೇಷ್ಟ್ರೇ," ಎಂದು ಒಂದು ಸಂಜೆ ಹೇಳಿದರು. "ಆ ಸೀಟು ಖಾಲಿ ಇಡಂಗಿಲ್ಲ. ಅವ್ನನ್ನ ದಾಟಿ ಹೋಗಿ ನಾನು ಕೂತೆ. ಸೀಟು ಇನ್ನೂ ಬೆಚ್ಚಗಿತ್ತು. ನೀವು ಅವ್ನನ್ನ ಅಲ್ಲಿ ಕೂಡಿಸ್ಬೇಕು. ನಾನು ನನ್ನ ಜಾಗಕ್ಕೆ ಹೋಗ್ತೀನಿ."

ಐವರನ್ನು ಮುಗಿಸಿದ್ದೆ. ಮೂರನೆಯವನನ್ನು ಕೊನೆಗೆ ಇಟ್ಟುಕೊಂಡಿದ್ದೆ, ಚೆನ್ನಾಗಿ ಮಾಡಬೇಕೆಂದು.

ಹೊಟ್ಟೆನೋವು ಬಂದದ್ದು ಆ ಐವರ ಕಾಲದಲ್ಲಿಯೇ. ಒದ್ದೆ ಬಟ್ಟೆ ಹಿಂಡಿದ ಹಾಗೆ ಕರುಳು ಹಿಂಡುತ್ತಿತ್ತು. ನಾಲ್ಕು ದಿನ, ಐದು ದಿನ ಬಹಿರ್ದೆಸೆಯೇ ಇಲ್ಲ. ಬಾಯಲ್ಲಿ ಸದಾ ಹಳೇ ತಂಬಿಗೆಯ ರುಚಿ. ಮುಖ ಬಿಳಿಚಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು. ಒಬ್ಬ ಡಾಕ್ಟರು ಗ್ಯಾಸು ಎಂದರು, ಮತ್ತೊಬ್ಬರು ಹುಣ್ಣಿರಬೇಕು ಎಂದರು, ಮೂರನೆಯವರು ನನ್ನ ಮುಖ ನೋಡಿ ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ಕೇಳಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಏನು ಕೆಲಸ ಮಾಡುತ್ತೀರಿ ಎಂದು ಮೂವರೂ ಕೇಳಿದ್ದರು. ಮೇಷ್ಟ್ರು ಎಂದಿದ್ದೆ. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದಾಗ ಹಿಂದೆ ಹತ್ತು ಜನ ಸರದಿಯಲ್ಲಿ ನಿಂತಿದ್ದರು, ಅವರಲ್ಲಿ ನನ್ನ ವಿದ್ಯಾರ್ಥಿಯ ಅಪ್ಪನೂ ಇದ್ದ. ಪೇಪರ್ ಓದುತ್ತೇನೆ ಎಂದೆ. ಈ ಒಂದು ಸುಳ್ಳಿಗೆ ಎಂಟು ತಿಂಗಳು ಹೋದವು.

ಹೂಜಿ ಅರ್ಧಕ್ಕೆ ನಿಂತ ದಿನ ಮನೆಗೆ ಬಂದು ಲಕ್ಷ್ಮೀದೇವಿಗೆ ಕೈ ತೋರಿಸಿದೆ. ಅವಳು ನನ್ನ ಹಸ್ತವನ್ನು ಎತ್ತಿ ಹಿಡಿದಳು, ಬಿಟ್ಟಳು. ಅದು ಬಿತ್ತು. ಇನ್ನೊಮ್ಮೆ ಎತ್ತಿ ಬಿಟ್ಟಳು. ಮೂರನೇ ಸಲ ಎತ್ತಿದವಳು ಬಿಡಲಿಲ್ಲ, ಹಾಗೆಯೇ ಹಿಡಿದುಕೊಂಡು ಕೂತಳು. ಲಕ್ವ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಡ್ರಾಯಿಂಗ್ ಮೇಷ್ಟ್ರಿಗೆ ಬಲಗೈ ಹೋದರೆ ಉಳಿಯುವುದೇನು ಎಂದು ನನಗೆ ಅಳು ಬಂತು, ಅತ್ತೆ. ಎಡಗೈಯಲ್ಲಿ ಕಣ್ಣೊರೆಸಿಕೊಳ್ಳುವುದಕ್ಕೂ ಬರುತ್ತಿರಲಿಲ್ಲ.

ತಿಮ್ಮಪ್ಪನವರು ಬಂದರು. ಅವರಿಗೆ ವಿಷಯ ತಿಳಿಸಬೇಕೆಂದರೆ ಸ್ಲೇಟಿನ ಮೇಲೆ ಬರೆಯಬೇಕು, ಬರೆಯಬೇಕೆಂದರೆ ಕೈ ಬೇಕು. ತೋಳನ್ನೆತ್ತಿ ಜೋತಾಡುವ ಹಸ್ತ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮೂಲೆಯಲ್ಲಿದ್ದ ತೋಪಿನ ಕಡೆಗೊಮ್ಮೆ ನೋಡಿ, ಎದ್ದು ಹೋದರು.

ದಾವಣಗೆರೆಯ ಆಸ್ಪತ್ರೆಗೆ ಹೋದದ್ದು ಬೆಳಗಿನ ಬಸ್ಸಿಗೆ. ನರದ ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಹಜಾರ, ಬೆನ್ನಿಗೆ ಆಸರೆಯಿಲ್ಲದ ಬೆಂಚುಗಳು. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ಬಾಗಿಲು ತೆರೆದಾಗೆಲ್ಲ ಎಲ್ಲರ ತಲೆಯೂ ಒಟ್ಟಿಗೆ ಆ ಕಡೆ ತಿರುಗುವುದು, ಮುಚ್ಚಿದಾಗ ಒಟ್ಟಿಗೆ ಇಳಿಯುವುದು. ಲಕ್ಷ್ಮೀದೇವಿ ಚೀಟಿ ಮಾಡಿಸಲು ಹೋಗಿದ್ದಾಗ ನಾನು ಒಂದು ಕಿತ್ತಳೆಹಣ್ಣು ಇಟ್ಟುಕೊಂಡು ಪೇಚಾಡುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬಾಕೆ, ವಯಸ್ಸಾದವರು, ಯಾವೂರಿನವರೋ, ಅದನ್ನು ನನ್ನ ತೊಡೆಯ ಮೇಲಿಂದ ತೆಗೆದುಕೊಂಡು ಸುಲಿದು, ತೊಳೆ ಬಿಡಿಸಿ, ನಾರು ತೆಗೆದು, ಒಂದೊಂದಾಗಿ ನನ್ನ ಎಡಗೈಗೆ ಇಟ್ಟರು. ಏನಾಗಿದೆ ಎಂದು ಕೇಳಲಿಲ್ಲ. ಎಂಟು ತಿಂಗಳಲ್ಲಿ ಏನಾಗಿದೆ ಎಂದು ಕೇಳದೆ ಇದ್ದವರು ಅವರೊಬ್ಬರೇ. ಆ ಹಣ್ಣಿನ ರುಚಿ ನನಗೆ ತಂಬಿಗೆಯ ರುಚಿಯ ಮೇಲೂ ಗೊತ್ತಾಯಿತು.

ಅದುವರೆಗೆ ಯಾವ ಡಾಕ್ಟರ ಹತ್ತಿರವೂ ನನ್ನ ಹೆಂಡತಿ ಒಳಗೆ ಬಂದಿರಲಿಲ್ಲ, ನಾನೇ ಹೊರಗೆ ಕೂರಿಸುತ್ತಿದ್ದೆ. ಈ ಸಲ ಅಂಗಿಯ ಗುಂಡಿ ಬಿಚ್ಚಲು ಅವಳು ಬೇಕಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮಂಡಿಗೆ ತಟ್ಟಿದರು, ಬೆರಳು ಹಿಡಿದರು, ಬೆನ್ನು ನೋಡಿದರು. ಆಮೇಲೆ ನನ್ನ ಬಲಗೈಗೆ ಪೆನ್ಸಿಲು ಸಿಕ್ಕಿಸಿ, "ಒಂದು ವೃತ್ತ ಬರೀರಿ ಮೇಷ್ಟ್ರೇ, ಆದಷ್ಟು," ಎಂದರು.

ನಾನು ಬರೆಯುವ ಮೊದಲು ತಲೆ ಬಗ್ಗಿಸಿ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದೆ. ಕೈ ಬಾಯಿಗೆ ಹೋಗದಿದ್ದರೆ ಬಾಯೇ ಕೈಯಿದ್ದಲ್ಲಿಗೆ ಹೋಗಿತ್ತು. ನನಗೆ ಅದರ ಅರಿವೇ ಇರಲಿಲ್ಲ.

"ಯಾಕೆ ಬಾಯಿಗಿಟ್ಟಿರಿ?"

"ಅಭ್ಯಾಸ ಮೇಡಂ."

"ಬೇರೆ ಏನೇನು ಇಡ್ತೀರಿ?"

"ಏನಿಲ್ಲ. ಪೆನ್ಸಿಲ್ಲು ಅಷ್ಟೇ."

ಹಿಂದೆ ನನ್ನ ಅಂಗಿ ಹಿಡಿದು ನಿಂತಿದ್ದ ಲಕ್ಷ್ಮೀದೇವಿ ಹೇಳಿದಳು: "ಬ್ರಷ್ಷು ಇಡ್ತಾರ್ರಿ. ಸೀಸ ಕರಗ್ಸಿ ಸಿಪಾಯಿ ಮಾಡ್ತಾರೆ, ಉಜ್ತಾರೆ, ಬಣ್ಣ ಹಚ್ತಾರೆ. ಒಂದು ಗುಂಡಿಗೆ ಒಂದ್ಸಲ ಬಾಯಿಗಿಡ್ತಾರೆ. ದಿನಾ. ಮೂರು ವರ್ಷಾತು."

ನನ್ನ ಕಿವಿ ಬಿಸಿಯಾದವು. ಕೈ ಬಿದ್ದದ್ದಕ್ಕಿಂತ ಆ ಕ್ಷಣ ಹೆಚ್ಚು ನಾಚಿಕೆಯಾಯಿತೆಂದರೆ ನನ್ನ ಬುದ್ಧಿ ಎಲ್ಲಿತ್ತೆಂದು ನೀವೇ ನೋಡಿ. ಡಾಕ್ಟರು ನಗಲಿಲ್ಲ. ಟಾರ್ಚು ತೆಗೆದು ಬಾಯಿ ತೆರೆಸಿದರು. ಲಕ್ಷ್ಮೀದೇವಿಯನ್ನು ಕರೆದು ತೋರಿಸಿದರು, ಕೊನೆಗೆ ಸಣ್ಣ ಕನ್ನಡಿ ಹಿಡಿದು ನನಗೂ ತೋರಿಸಿದರು. ಒಸಡಿನ ಅಂಚಿನುದ್ದಕ್ಕೂ ನೀಲಿಗಪ್ಪು ಗೆರೆ. ಅಷ್ಟು ಸಣ್ಣ, ಅಷ್ಟು ನೇರ ಗೆರೆಯನ್ನು ನಾನು ಒಳ್ಳೆಯ ಕೈಯಲ್ಲೂ ಎಳೆದಿರಲಿಲ್ಲ.

"ರಕ್ತ ಕಳಿಸೋಣ," ಎಂದರು. "ನನಗೆ ಅನ್ನಿಸೋದು ಹೇಳ್ತೀನಿ. ಇದು ಲಕ್ವ ಅಲ್ಲ. ಸೀಸ ಒಳಗೆ ಹೋಗಿದೆ. ಹೊರಗೆ ತೆಗೀಬಹುದು. ಕೈ ವಾಪಸ್ ಬರಬಹುದು, ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ. ನಿಮ್ಮ ಮನೆಯವರದೂ ರಕ್ತ ತಗೋತೀವಿ."

ವರದಿ ಬರುವವರೆಗಿನ ದಿನಗಳಲ್ಲಿ ನಾನು ಲಕ್ಷ್ಮೀದೇವಿಯ ಮುಖದ ಬಣ್ಣವನ್ನೇ ನೋಡುತ್ತಿದ್ದೆ. ಎರಡು ವರದಿಯೂ ಒಟ್ಟಿಗೆ ಬಂದವು. ನನ್ನದರಲ್ಲಿ ಸೀಸ ತುಂಬಿ ತುಳುಕುತ್ತಿತ್ತು, ಅವಳದು ಭಯಪಡುವಂಥದ್ದೇನಲ್ಲ. "ಅಡುಗೆಮನೆಗೆ ಬಿಟ್ಟಿರಲಿಲ್ಲ ನೋಡ್ರಿ," ಎಂದಳು. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿಯೇ ಗೋಡೆಗೆ ತಿರುಗಿ ನಿಂತು ಅತ್ತಳು.

ಇಂಜೆಕ್ಷನ್ನಿನ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಲೈನಿನ ಬಾಟಲಿ, ಅಳೆದಿಡಬೇಕಾದ ಮೂತ್ರ, ವಾಂತಿ, ಕಾಯುವುದು. ಹೊಟ್ಟೆಯ ಹಿಂಡಾಟ ಮೊದಲ ವಾರದಲ್ಲೇ ಬಿಟ್ಟಿತು. ಒಂದು ಬೆಳಿಗ್ಗೆ ಕಾಫಿಗೆ ಕಾಫಿಯದೇ ರುಚಿ ಬಂದಾಗ ಲೋಟವನ್ನು ಇಡಲು ಮನಸ್ಸಾಗದೆ ಹಿಡಿದುಕೊಂಡೇ ಕೂತಿದ್ದೆ. ಕೈ ಮಾತ್ರ ಹಾಗೇ ಇತ್ತು. ಮರದ ಪಟ್ಟಿಗೆ ಅದನ್ನು ಮೇಲ್ಮುಖವಾಗಿ ಕಟ್ಟಿ ಮನೆಗೆ ಕಳಿಸಿದರು. ಸೀಸ ಮುಟ್ಟಬಾರದು, ದಿನಕ್ಕೆ ಹತ್ತು ಸಲ ಪಟ್ಟಿ ಬಿಚ್ಚಿ ಹಸ್ತ ಎತ್ತಲು ಪ್ರಯತ್ನಿಸಬೇಕು, ಎದ್ದರೂ ಏಳದಿದ್ದರೂ.

ರಜೆಯ ತಿಂಗಳು ಮೊಳಕಾಲ್ಮೂರಿನಲ್ಲಿ ಅವ್ವನ ಹತ್ತಿರ ಇದ್ದೆವು. ಅವ್ವನಿಗೆ ಎಪ್ಪತ್ತಾಗಿತ್ತು, ಆದರೂ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಯ ಕಟ್ಟು, ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆ ಹೊಸೆದು ಸೇರಿಸುವ ಕೆಲಸ ಅವಳದೇ. ಸಾವಿರಾರು ಎಳೆ, ಒಂದೊಂದೂ ಕೈಯಲ್ಲೇ. ಲಕ್ಷ್ಮೀದೇವಿ ನಡೆದದ್ದೆಲ್ಲ ಹೇಳುತ್ತಿದ್ದಳು. ಬ್ರಷ್ಷು ಬಾಯಿಗಿಡುವ ಮಾತು ಬಂದಾಗ ಅವ್ವನ ಕೈ ನಿಂತಿತು. ಅವಳ ತುಟಿಗಳ ನಡುವೆ ಆಗ ಒಂದು ರೇಷ್ಮೆ ಎಳೆಯಿತ್ತು.

"ಬಾಯಿಗಿಟ್ಟು ಚೂಪು ಮಾಡೋದು ನಾನೇ ಕಲಿಸಿದ್ದು," ಎಂದಳು. "ಐದು ವರ್ಷದವ್ನಿದ್ದ. ಎಳೆ ಮಗ್ಗದ ಹಣಿಗೇಲಿ ತೂರಲ್ಲ ಅಂತ ಅಳ್ತಿದ್ದ. ನಾಲಿಗಿಗೆ ಮುಟ್ಸೋ ನಾಯನಾ, ಹೋಗ್ತೈತೆ ಅಂದಿದ್ದೆ."

"ರೇಷ್ಮೆಗೆ ಏನೂ ಆಗಲ್ಲ ಅವ್ವ. ಸೀಸ ತಂದವನು ನಾನು," ಎಂದೆ. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅವಳ ಪಕ್ಕದಲ್ಲಿ ಸ್ಟೀಲಿನ ಪುಟ್ಟ ಬಟ್ಟಲು, ಅದರಲ್ಲಿ ನೀರು. ಅರವತ್ತು ವರ್ಷದ ಅಭ್ಯಾಸ ಬಿಟ್ಟು ಒಂದೊಂದು ಎಳೆಯನ್ನೂ ನೀರಿಗೆ ಮುಟ್ಟಿಸುತ್ತಿದ್ದಳು. ಮರೆತು ಬಾಯಿಗೆ ಹೋದರೆ ತನ್ನ ಕೈಗೆ ತಾನೇ ಒಂದು ಏಟು ಹಾಕಿಕೊಳ್ಳುತ್ತಿದ್ದಳು. ನಾವು ಹೊರಡುವ ದಿನ ಅಂಥದೇ ಇನ್ನೊಂದು ಬಟ್ಟಲನ್ನು ನನ್ನ ಚೀಲಕ್ಕೆ ಹಾಕಿದಳು.

ಚಳ್ಳಕೆರೆಗೆ ಮರಳಿದಾಗ ಹಿತ್ತಲಿನ ಕೋಣೆಯನ್ನು ತೊಳೆದು ಬಣ್ಣ ಬಳಿದಾಗಿತ್ತು. ತಿಮ್ಮಪ್ಪನವರ ಕೆಲಸ, ಕಾರಣ ಸೀಸವೆಂದು ಲಕ್ಷ್ಮೀದೇವಿ ಮೊದಲೇ ಅವರಿಗೆ ಬರೆದು ತಿಳಿಸಿದ್ದಳು. ಮೊಳೆಯ ಚೀಲಗಳನ್ನು ಊರಿನಾಚೆ ಆಳದ ಗುಂಡಿ ತೋಡಿ ಹೂತು ಬಂದಿದ್ದರು. ತೋಪನ್ನೂ ಐವರನ್ನೂ ಲಕ್ಷ್ಮೀದೇವಿ ಗಾಜಿನ ಬಾಗಿಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ನನ್ನಿಂದ ಹೋತು ನಿಮ್ಮ ಕೈ," ಎಂದರು ತಿಮ್ಮಪ್ಪನವರು, ಬಾಗಿಲಲ್ಲೇ ನಿಂತು. ಇಲ್ಲ ಎಂದು ತಲೆಯಾಡಿಸಿದೆ. ಅವರು ಒಪ್ಪಲಿಲ್ಲ. ಒಳಗೆ ಬಂದು ಗೋಡೆಗೆ ತೂಗುಹಾಕಿದ್ದ ನನ್ನ ಮರದ ಕೋನಮಾಪಕ ತೆಗೆದರು, ಕರಿಹಲಗೆಯ ಮೇಲೆ ಬಳಸುವ ದೊಡ್ಡದು. ನನ್ನ ಮುಂಗೈಯನ್ನು ಮೇಜಿನ ತುದಿಗೆ ಇಟ್ಟು ಪಟ್ಟಿ ಬಿಚ್ಚಿದರು. ಮಣಿಕಟ್ಟಿನ ಪಕ್ಕ ಕೋನಮಾಪಕ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, "ನಳಿಗೆ ಎತ್ರಿ," ಎಂದರು.

ಏಳಲಿಲ್ಲ. "ಸೊನ್ನೆ," ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಹೋದರು.

ಆ ಬೇಸಿಗೆಯಲ್ಲಿ ಟಿವಿ ಇದ್ದ ಮನೆಗಳಲ್ಲೆಲ್ಲ ಕಾರ್ಗಿಲ್ಲಿನ ತೋಪುಗಳು ಗುಂಡು ಹಾರಿಸುತ್ತಿದ್ದವು. ಊರಿನವರೆಲ್ಲ ತೋಪಿನ ಪಂಡಿತರಾಗಿದ್ದರು. ತೋಪಿನ ಜೊತೆ ಬದುಕಿದ್ದ ಮನುಷ್ಯ ಮಾತ್ರ ಟಿವಿಯ ಮುಂದೆ ಕೂರದೆ ದಿನಾ ಸಂಜೆ ನನ್ನ ಕೈಯ ಮುಂದೆ ಕೂರುತ್ತಿದ್ದರು. ಸೊನ್ನೆ, ಸೊನ್ನೆ, ಸೊನ್ನೆ. ಲಕ್ಷ್ಮೀದೇವಿ ಜೋಳದ ಹಿಟ್ಟು ನಾದಲು ಕೊಡುವಳು. ಒರಟೊರಟಾದ ರೊಟ್ಟಿಯನ್ನು ತಾನೇ ಸುಟ್ಟು ತಿನ್ನುವಳು. ಗೋಡೆಯ ಮೇಲೆ ಮೂವತ್ತೆಂಟು ಸೊನ್ನೆಗಳಾದ ಮೇಲೆ ನಾನು ಕೈ ಎಳೆದುಕೊಂಡು, ಸಾಕು, ಇನ್ನು ಬರಬೇಡಿ ಎಂದು ಎಡಗೈಯಲ್ಲಿ ಸೊಟ್ಟಪಟ್ಟ ಬರೆದು ತೋರಿಸಿದೆ. ಅವರು ಸ್ಲೇಟನ್ನು ಓದಿ, ಅಂಗೈಯಲ್ಲಿ ಒರೆಸಿ, ಪಕ್ಕಕ್ಕಿಟ್ಟರು.

"ನಳಿಗೆ ಎತ್ರಿ."

ಮರುವಾರ ಒಂದು ಸಂಜೆ ಅವರು ಮುಚ್ಚಿದ ಕಣ್ಣು ತೆರೆದು, ಕೋನಮಾಪಕವನ್ನು ಒರೆಸಿ ಮತ್ತೆ ನಿಲ್ಲಿಸಿದರು. "ಎರಡು ಡಿಗ್ರಿ," ಎಂದರು. ನನಗೆ ಏನೂ ಕಂಡಿರಲಿಲ್ಲ. ಲಕ್ಷ್ಮೀದೇವಿಯನ್ನು ಕರೆದು ತೋರಿಸಿದೆವು, ಅವಳಿಗೂ ಕಾಣಲಿಲ್ಲ. ಗುರಿ ಹಿಡಿದು ಗೊತ್ತಿದ್ದ ಕಣ್ಣಿಗೆ ಕಂಡಿತ್ತು. ಆಮೇಲೆ ನಾಲ್ಕು, ಒಂಬತ್ತು, ಮತ್ತೆ ಏಳು, ಹದಿನೈದು. ಶಾಲೆಗೆ ಹೋದೆ. ಕರಿಹಲಗೆಯ ಮೇಲೆ ಎಡಗೈ ಬಲಗೈಗೆ ಊರುಗೋಲಾಯಿತು.

ಕೈ ಮೂವತ್ತು ಡಿಗ್ರಿ ದಾಟಿದ ಮೇಲೆ ಕೆರೆಯ ಮಣ್ಣು ತಂದು ಸೋಸಿ ಮೂರನೆಯವನನ್ನು ಮಾಡಲು ಕೂತೆ. ಮಣ್ಣು, ಮಕ್ಕಳ ನೀರುಬಣ್ಣ, ಅವ್ವನ ಬಟ್ಟಲು. ಮೊದಲಾಗಿದ್ದರೆ ಒಂದು ಭಾನುವಾರದ ಕೆಲಸ, ಈಗ ಎರಡು ತಿಂಗಳು ಹಿಡಿಯಿತು. ಅವನಿಗಿಂತ ಮೊದಲು ನಾಲ್ಕು ಜನ ಬೆರಳಲ್ಲೇ ಪುಡಿಯಾದರು. ಬ್ರಷ್ಷು ಎಷ್ಟು ಸಲ ತುಟಿಯ ಹತ್ತಿರ ಹೋಯಿತೋ. ಹೋದಾಗೆಲ್ಲ ನನ್ನ ಕೈಗೆ ನಾನೇ ಏಟು ಕೊಟ್ಟುಕೊಂಡೆ, ಅವ್ವನ ಹಾಗೆ. ಬಾಯಿಯಲ್ಲಿ ಬರುತ್ತಿದ್ದ ಚೂಪು ನೀರಿನಲ್ಲಿ ಬರಲಿಲ್ಲ. ಕೈ ಕಡೆಯ ಗಳಿಗೆಯಲ್ಲಿ ಅದುರುತ್ತಿತ್ತು. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಕಣ್ಣು ಬರೀ ಎರಡು ಚುಕ್ಕೆ.

ತಿಮ್ಮಪ್ಪನವರಿಗೆ ತೋರಿಸುವ ದಿನ ಲಕ್ಷ್ಮೀದೇವಿ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೀರುವಿನ ಬೀಗ ತೆಗೆದಳು. ಮಣ್ಣಿನವನನ್ನು ಸೀಸದವರ ನಡುವೆ, ತೋಪಿನ ಎಡಗಡೆಯ ಪುಟ್ಟ ಸೀಟಿನ ಮೇಲೆ ಕೂರಿಸಿ ಗಾಜು ಮುಚ್ಚಿದಳು. ತಿಮ್ಮಪ್ಪನವರು ಗಾಜಿನ ಹತ್ತಿರ ಬಗ್ಗಿದರು. ಅವರ ಉಸಿರಿಗೆ ಗಾಜು ಮಸುಕಾಯಿತು, ತೋಳಿನಿಂದ ಒರೆಸಿದರು, ಮತ್ತೆ ಬಗ್ಗಿದರು. ನಾನು ಸ್ಲೇಟು ತೆಗೆದು ಬಲಗೈಯಲ್ಲಿ ಬರೆದೆ: ಮುಖ ಚೆನ್ನಾಗಿ ಬರಲಿಲ್ಲ.

"ಇಲ್ಲ," ಎಂದರು. "ಇದು ಅವ್ನಲ್ಲ." ಸುಳ್ಳು ಹೇಳುವ ಮನುಷ್ಯನಲ್ಲ ಅವರು. ನಾಲ್ಕನೇ ನಂಬರಿನವನ ಕಡೆ, ಎದೆಗೆ ಗುಂಡು ಅವಚಿಕೊಂಡು ನಿಂತ ತಮ್ಮ ಕಡೆ, ಬೆರಳು ತೋರಿಸಿದರು. "ಇರ್ಲಿ ಬಿಡ್ರಿ ಮೇಷ್ಟ್ರೇ. ಇವ್ನು ಇನ್ನು ಅಲ್ಲಿಗೆ ಹೋಗಿ ಕೂರಂಗಿಲ್ಲ. ಸೀಟು ಖಾಲಿ ಇಲ್ಲ."

ಆಮೇಲೆ ರೂಢಿಯಂತೆ ಗೋಡೆಯಿಂದ ಕೋನಮಾಪಕ ತೆಗೆದು, ಮೇಜಿನ ಮುಂದೆ ಕೂತು, "ನಳಿಗೆ ಎತ್ರಿ," ಎಂದರು. ಎತ್ತಿದೆ. ಅವರು ಕಣ್ಣು ಮುಚ್ಚಲಿಲ್ಲ, ಡಿಗ್ರಿ ನೋಡಲಿಲ್ಲ. ಕೋನಮಾಪಕವನ್ನು ಮೇಜಿನ ಮೇಲಿಟ್ಟು, ಎತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಬೆಚ್ಚಗಿದೆ ಎಂದರು.